ವಿಶ್ವಕಲೆಯ ಇತಿಹಾಸ ಓದುವ ಕ್ರಮ

ವಿಶ್ವಕಲೆಯ ಇತಿಹಾಸ ದೃಶ್ಯಕಲಾ ಪದವಿಯ ವಿದ್ಯಾರ್ಥಿಗಳು ಓದಲೇಬೇಕಾದ ವಿಷಯ. ಕೆಲವೇ ಸೆಮಿಸ್ಟರ್‌ಗಳಲ್ಲಿ ಗುಹಾಚಿತ್ರಗಳಿಂದ ಹೊರಟು ಈಜಿಪ್ಟ್, ಗ್ರೀಸ್, ಚೀನಾ, ಪರ್ಷಿಯಾ, ಆಫ್ರಿಕಾ, ಯುರೋಪುಗಳನ್ನು ಹಾದು ಇಪ್ಪತ್ತನೆಯ ಶತಮಾನಕ್ಕೆ ಬಂದು ನಿಲ್ಲಬೇಕು. ತರಗತಿಯಲ್ಲಿ ಒಂದರ ಹಿಂದೊಂದು ಸ್ಲೈಡು ಸರಿಯುತ್ತದೆ, ಟಿಪ್ಪಣಿ ಪುಸ್ತಕದಲ್ಲಿ ಹೆಸರು, ಇಸವಿ, ಊರುಗಳು ತುಂಬಿಕೊಳ್ಳುತ್ತವೆ. ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಯಾವ ಶಿಲ್ಪ ಯಾವ ನಾಡಿನದೆಂಬುದೇ ಕಲಸಿಹೋಗಿರುತ್ತದೆ. ಪಟ್ಟಿಯಂತೆ ಉರು ಹೊಡೆದದ್ದು ಹೀಗೆ ಕಲಸುವುದು ಸಹಜ. ಒಂದು ಕೃತಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದವರಿಗೆ ಇಸವಿಗಳು ತಾವಾಗಿ ನೆನಪಿನಲ್ಲಿ ನಿಲ್ಲುತ್ತವೆ. ಕರ್ನಾಟಕದಲ್ಲಿ ಓದುವವರಿಗೆ ಆ ಪಕ್ಕದ ಕೃತಿ ಬಹಳ ಸಲ ಒಂದು ಬಸ್ ಪ್ರಯಾಣದಷ್ಟು ದೂರದಲ್ಲಿರುತ್ತದೆ.

ಯುರೋಪಿನಲ್ಲಿ ಈ ಅಧ್ಯಯನದ ಆರಂಭವನ್ನು ಸಾಮಾನ್ಯವಾಗಿ ಚಿತ್ರಕಾರ ವಸಾರಿ 1550ರಲ್ಲಿ ಪ್ರಕಟಿಸಿದ ಇಟಲಿಯ ಕಲಾವಿದರ ಜೀವನಚರಿತ್ರೆಗಳಿಂದ ಗುರುತಿಸುತ್ತಾರೆ. ಕನ್ನಡ ನಾಡಿನಲ್ಲಿ ಅದಕ್ಕೂ ನಾಲ್ಕು ಶತಮಾನ ಹಿಂದೆಯೇ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಭಿತ್ತಿಯನ್ನು ಹದಗೊಳಿಸುವುದು, ಬಣ್ಣ ತಯಾರಿಸುವುದು, ಚಿತ್ರ ಬರೆಯುವುದು ಎಲ್ಲವನ್ನೂ ವಿವರಿಸಿದ್ದ. ಆಧುನಿಕ ಭಾರತದಲ್ಲಿ ಕಲಾಶಿಕ್ಷಣಕ್ಕೆ ಹೊಸ ದಾರಿ ಮಾಡಿದವು 1919ರ ಶಾಂತಿನಿಕೇತನದ ಕಲಾಭವನ ಮತ್ತು 1950ರಲ್ಲಿ ಶುರುವಾದ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ. ಚಿತ್ರ, ಶಿಲ್ಪ ಕಲಿಯುವವರು ಕಲೆಯ ಇತಿಹಾಸವನ್ನೂ ಗಂಭೀರವಾಗಿ ಓದಬೇಕೆಂಬ ಪರಿಪಾಠ ಬೆಳೆದದ್ದು ಹೆಚ್ಚಾಗಿ ಇಂಥ ಕಡೆಗಳಲ್ಲಿ.

ಹೋಲಿಸಿ ನೋಡುವುದು ಏಕೆ ಫಲ ಕೊಡುತ್ತದೆ

ಒಂದೇ ಕೃತಿಯನ್ನು ಎಷ್ಟು ಹೊತ್ತು ನೋಡಿದರೂ ಅದರಲ್ಲಿರುವ ಬಹಳಷ್ಟು ಸಂಗತಿ ಸಹಜವೆಂದೇ ತೋರುತ್ತದೆ. ಎರಡನೆಯದನ್ನು ತಂದಿಟ್ಟಾಗ ಮೊದಲನೆಯದರಲ್ಲಿ ಕಲಾವಿದ ಮಾಡಿದ ಆಯ್ಕೆಗಳು ಎದ್ದು ಕಾಣುತ್ತವೆ. ಸ್ವಿಸ್ ವಿದ್ವಾಂಸ ಹೈನ್ರಿಕ್ ವೋಲ್ಫ್ಲಿನ್ ತರಗತಿಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸಿ ಪಾಠ ಮಾಡುತ್ತಿದ್ದುದು ಇದೇ ಕಾರಣಕ್ಕೆ. 1915ರ ಅವನ ಗ್ರಂಥ ನಿಂತಿರುವುದೂ ಇಂಥ ಜೋಡಿಗಳ ಮೇಲೆ.

ಕರ್ನಾಟಕದ ಕೃತಿಯೊಂದನ್ನು ಹೀಗೆ ಜೋಡಿಯಾಗಿ ನೋಡಿದ ಹಳೆಯ ಪ್ರಸಿದ್ಧ ಉದಾಹರಣೆಯೂ ಇದೆ. ಜೇಮ್ಸ್ ಫರ್ಗುಸನ್ 1876ರ ತನ್ನ ವಾಸ್ತು ಇತಿಹಾಸದಲ್ಲಿ ಹಳೇಬೀಡಿನ ದೇಗುಲವನ್ನು ಅಥೆನ್ಸಿನ ಪಾರ್ಥೆನಾನ್ ಜೊತೆ ಹೋಲಿಸಿ, ಅವೆರಡೂ ಕಲೆಯ ಎರಡು ತುದಿಗಳೆಂದ. ಒಂದರಲ್ಲಿ ಗಣಿತದ ನಿಖರತೆ, ಇನ್ನೊಂದರಲ್ಲಿ ಉಕ್ಕುವ ವೈವಿಧ್ಯ ಎಂಬುದು ಅವನ ವಾದ. ಹೋಲಿಕೆ ಮಾಡಿದ್ದು ಸರಿ, ಆದರೆ ಅಳತೆಗೋಲು ಪೂರ್ತಿ ಒಪ್ಪುವಂಥದಲ್ಲ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸದ ಹಿಂದೆ ಬಿಗಿಯಾದ ರೇಖಾಗಣಿತವೇ ಇದೆ. ಪ್ರತಿ ಹೋಲಿಕೆಗೂ ಯಾವುದೋ ಒಂದು ಅಳತೆಗೋಲು ಇದ್ದೇ ಇರುತ್ತದೆ, ಅದು ಯಾರದೆಂದು ಕೇಳುವುದೂ ಓದಿನ ಭಾಗ.

ಶ್ರವಣಬೆಳಗೊಳದ ಗೊಮ್ಮಟನನ್ನು ಪ್ರಾಚೀನ ಗ್ರೀಕರ ‘ಕೂರೊಸ್’ ಎಂಬ ಯುವಕ ಪ್ರತಿಮೆಯ ಪಕ್ಕದಲ್ಲಿಟ್ಟರೆ ಈ ಕ್ರಮದ ಶಕ್ತಿ ಪೂರ್ತಿ ಅರ್ಥವಾಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಕೂರೊಸ್ ಕ್ರಿ.ಪೂ. 590–580ರ ಸುಮಾರಿನದು. ಎರಡೂ ಕಲ್ಲಿನವು, ಎರಡೂ ನಗ್ನ, ಎರಡೂ ನೇರ ಮುಂದಕ್ಕೆ ನೋಡುತ್ತ ನಿಂತಿವೆ, ಎರಡರ ತೋಳೂ ಪಕ್ಕಕ್ಕೆ ಇಳಿಬಿದ್ದಿವೆ. ಸ್ಲೈಡಿನಲ್ಲಿ ಇಬ್ಬರೂ ಒಂದೇ ಎತ್ತರ. ಇಷ್ಟಕ್ಕೇ ನಿಂತರೆ ‘ಹೋಲುತ್ತವೆ’ ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ.

ಇನ್ನೂ ಹತ್ತಿರದಿಂದ ನೋಡಬೇಕು. ಕೂರೊಸ್ ಎಡಗಾಲನ್ನು ಮುಂದಿಟ್ಟಿದ್ದಾನೆ, ಮುಷ್ಟಿ ಬಿಗಿದಿದ್ದಾನೆ, ಹೊರಡಲು ಸಿದ್ಧನಾದವನಂತಿದ್ದಾನೆ. ಗೊಮ್ಮಟನ ಎರಡೂ ಪಾದಗಳು ಸಮಸಮನಾಗಿ ಊರಿವೆ. ಕಾಲ ಬಳಿ ಹುತ್ತ ಬೆಳೆದಿದೆ, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಆ ನಿಲುವು ಎಷ್ಟು ಕಾಲದ್ದೆಂಬುದನ್ನು ಶಿಲ್ಪಿ ಹುತ್ತ ಬಳ್ಳಿಗಳ ಮೂಲಕವೇ ಹೇಳಿದ್ದಾನೆ. ಕೂರೊಸ್ ಅಟಿಕಾ ಪ್ರಾಂತದ ಸಿರಿವಂತ ಮನೆತನದ ತರುಣನೊಬ್ಬನ ಸಮಾಧಿಯ ಮೇಲೆ ನಿಂತಿದ್ದವನು. ಅವನ ನಗ್ನತೆ ಯೌವನದ, ದೇಹಬಲದ, ಕುಲೀನತೆಯ ಹೆಮ್ಮೆ. ಗೊಮ್ಮಟನೆಂದರೆ ಬಾಹುಬಲಿ, ಅವನದು ಗೆದ್ದ ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟವನ ನಗ್ನತೆ. 981ರ ಸುಮಾರಿಗೆ ಈ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಸ್ವತಃ ಗಂಗರ ಸೇನಾನಿ, ಯುದ್ಧಗಳನ್ನು ಗೆದ್ದವನು. ರೂಪ ಒಂದೇ ಬಗೆಯದಾದರೂ ಅರ್ಥ ಎದುರುಬದುರು ನಿಂತಿದೆ. ಇನ್ನು ಎತ್ತರ: ಕೂರೊಸ್ ಆರೂವರೆ ಅಡಿಗಿಂತ ಕಡಿಮೆ, ಗೊಮ್ಮಟ 57 ಅಡಿಗೂ ಮಿಕ್ಕಿದವನು. ಒಬ್ಬನ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲಬಹುದು, ಇನ್ನೊಬ್ಬನ ಪಾದದ ಬಳಿ ನಿಂತು ಕತ್ತೆತ್ತಬೇಕು. ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಈ ವ್ಯತ್ಯಾಸವನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಎಲ್ಲಿ ಓದಬಹುದು

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಜ್ಯದ ಮುಖ್ಯ ಕೇಂದ್ರಗಳು. ಹೊರರಾಜ್ಯಕ್ಕೆ ಹೋಗಬಲ್ಲವರಿಗೆ ಬರೋಡ, ಶಾಂತಿನಿಕೇತನ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗಗಳಿವೆ. ಉದ್ಯೋಗದಲ್ಲಿರುವವರು ಪದವಿಗೆ ಸೇರುವ ಮೊದಲು ಆಸಕ್ತಿ ಎಷ್ಟು ಗಟ್ಟಿಯೆಂದು ನೋಡಿಕೊಳ್ಳಲು ಬೆಂಗಳೂರಿನ ಮ್ಯಾಪ್ ಸಂಗ್ರಹಾಲಯದ ಮ್ಯಾಪ್ ಅಕಾಡೆಮಿಯ ಉಚಿತ ಆನ್‌ಲೈನ್ ಪಾಠಗಳು ಒಳ್ಳೆಯ ಆರಂಭ. ಸೇರುವ ಮುನ್ನ ಪಠ್ಯಕ್ರಮವನ್ನು ತರಿಸಿಕೊಂಡು ಮೂರು ಸಂಗತಿ ಪರಿಶೀಲಿಸಬೇಕು: ಯುರೋಪಿನ ಆಚೆಗಿನ ನಾಡುಗಳಿಗೆ ಎಷ್ಟು ಜಾಗವಿದೆ, ಕ್ಷೇತ್ರಭೇಟಿ ಇದೆಯೇ, ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ.

ಓದಿನ ಹಂತಗಳು

1. ಮೊದಲು ವರ್ಣನೆ, ಆಮೇಲೆ ಹೆಸರು. ಹೊಸ ಕೃತಿ ಎದುರಾದಾಗ ಶೀರ್ಷಿಕೆಯನ್ನು ಮುಚ್ಚಿಟ್ಟು ಕಣ್ಣಿಗೆ ಕಾಣುವುದನ್ನಷ್ಟೇ ಹತ್ತು ಸಾಲು ಬರೆಯಬೇಕು. ಎಷ್ಟು ಆಕೃತಿಗಳು, ಯಾವುದು ದೊಡ್ಡದು, ಬೆಳಕು ಎಲ್ಲಿಂದ ಬರುತ್ತದೆ, ಯಾವ ವಸ್ತುವಿನಿಂದ ಮಾಡಿದ್ದು, ಎಲ್ಲಿ ಸವೆದಿದೆ. ಎರಡನೆಯ ಸುತ್ತಿನಲ್ಲಿ ಆಕೃತಿಗಳನ್ನು ಗುರುತಿಸಬೇಕು, ಮೂರನೆಯದರಲ್ಲಿ ಆ ಕಾಲದ ಸಮಾಜಕ್ಕೆ ಅದರಿಂದ ಏನಾಗಬೇಕಿತ್ತೆಂದು ಕೇಳಬೇಕು. ಎರ್ವಿನ್ ಪನೋಫ್‌ಸ್ಕಿ 1939ರಲ್ಲಿ ವಿವರಿಸಿದ ಮೂರು ಹಂತಗಳು ಇವೇ. ಹೆಸರು ಗೊತ್ತಾದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ, ಆದ್ದರಿಂದಲೇ ಈ ಅನುಕ್ರಮ.

ಅಭ್ಯಾಸಕ್ಕೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಕಲ್ಲಿನಲ್ಲಿ ನಾಯಿ ಮತ್ತು ಹಂದಿಯ ಕಾದಾಟದ ಉಬ್ಬುಶಿಲ್ಪವಿದೆ, ಸುತ್ತ ಹಳಗನ್ನಡ ಬರಹವಿದೆ. ಶಿಲ್ಪವನ್ನು ವರ್ಣಿಸಿ ಮುಗಿಸಿದ ಮೇಲೆ ಬರಹದ ಸಾರ ಓದಿದರೆ ಕಥೆ ತೆರೆದುಕೊಳ್ಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ, 949ರ ಸುಮಾರು. ಗಂಗ ಬೂತುಗನ ಬಂಟ ಮಣಲೇರ ತನ್ನ ಶೌರ್ಯಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಪಡೆದ. ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಚಿತ್ರ ಮತ್ತು ಬರಹ ಒಂದನ್ನೊಂದು ಹೇಗೆ ಪೂರೈಸುತ್ತವೆ ಎಂಬುದನ್ನು ಇಲ್ಲಿ ಕಲಿತವರಿಗೆ ಈಜಿಪ್ಟಿನ ಸಮಾಧಿ ಗೋಡೆಗಳು ಅಷ್ಟೇನೂ ಅಪರಿಚಿತವೆನಿಸವು.

2. ಕೃತಿಯನ್ನು ಯಾವ ದಿಕ್ಕಿನಲ್ಲಿ ಓದಬೇಕೆಂದು ತಿಳಿಯುವುದು. ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ದೇವರ ಸನ್ನಿಧಿ. ರೋಮಿನಲ್ಲಿ 113ರಲ್ಲಿ ನಿಂತ ಟ್ರೇಜನ್ ಸ್ತಂಭದ ಯುದ್ಧಕಥೆಯೂ ಕೆಳಗಿನಿಂದ ಸುತ್ತುತ್ತ ಮೇಲೇರುತ್ತದೆ. ಚೀನಾದ ಸುರುಳಿಚಿತ್ರ ಬಲದಿಂದ ಎಡಕ್ಕೆ, ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ. ಅದನ್ನು ಪುಸ್ತಕದಲ್ಲಿ ಒಂದೇ ಪಟ್ಟಿಯಾಗಿ ಮುದ್ರಿಸಿದಾಗ ನೋಡುವ ಅನುಭವವೇ ಬದಲಾಗಿರುತ್ತದೆ.

3. ಶತಮಾನವನ್ನು ಅಡ್ಡಲಾಗಿ ಕತ್ತರಿಸುವುದು. ಪಠ್ಯಪುಸ್ತಕಗಳು ನಾಡಿಗೊಂದು ಅಧ್ಯಾಯ ಬರೆಯುವುದರಿಂದ ಎಲ್ಲ ನಾಡುಗಳೂ ಬೇರೆ ಬೇರೆ ಕಾಲದಲ್ಲಿದ್ದಂತೆ ಭಾಸವಾಗುತ್ತದೆ. ದೊಡ್ಡ ಹಾಳೆಯ ಮೇಲೆ ಒಂದು ಶತಮಾನ ತೆಗೆದುಕೊಂಡು ಎಲ್ಲ ನಾಡುಗಳನ್ನೂ ಒಂದೇ ಸಾಲಿನಲ್ಲಿ ಬರೆದರೆ ಈ ಭ್ರಮೆ ಹೋಗುತ್ತದೆ. ಹನ್ನೆರಡನೆಯ ಶತಮಾನದ ಸಾಲನ್ನು ಬೇಲೂರಿನಿಂದ ತೊಡಗಬಹುದು. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲದಲ್ಲೇ ಕಾಂಬೋಡಿಯದಲ್ಲಿ ಎರಡನೆಯ ಸೂರ್ಯವರ್ಮ ಆಳುತ್ತಿದ್ದ, ಅಂಕೋರ್ ವಾಟ್ ಅವನ ಕಾಲದ್ದು. ಚೀನಾದ ಸಿಂಹಾಸನದ ಮೇಲೆ ಸ್ವತಃ ಚಿತ್ರಕಾರನಾದ ಸಾಂಗ್ ಚಕ್ರವರ್ತಿ ಹ್ಯೂಝಾಂಗ್ ಇದ್ದ. ಪ್ಯಾರಿಸ್ ಬಳಿಯ ಸಾಂ ದೆನಿ ಚರ್ಚಿನ ಹೊಸ ಭಾಗ 1144ರಲ್ಲಿ ಪೂರ್ತಿಯಾಗಿ ಗಾಥಿಕ್ ಶೈಲಿಗೆ ದಾರಿ ತೆರೆಯಿತು.

ಈ ಸಾಲನ್ನು ಬರೆದವರಿಗೆ ಒಂದು ಒಳ್ಳೆಯ ಪ್ರಶ್ನೆಯೂ ಹುಟ್ಟುತ್ತದೆ: ಕೆತ್ತಿದವರ ಹೆಸರು ಎಲ್ಲಿ ಉಳಿದಿದೆ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಫ್ರಾನ್ಸಿನ ಒತುನ್ ಚರ್ಚಿನ ಬಾಗಿಲ ಮೇಲೆ 1130ರ ಸುಮಾರಿಗೆ ‘ಗಿಸ್ಲೆಬರ್ಟಸ್’ ಎಂಬ ಹೆಸರು ಕಾಣಿಸುತ್ತದೆ. ಅದು ಶಿಲ್ಪಿಯದೋ ಮಾಡಿಸಿದವನದೋ ಎಂಬ ಚರ್ಚೆ ಇದೆ. ದಾಸೋಜನ ವಿಷಯದಲ್ಲಿ ಊರು, ಕುಲ, ಬಿರುದು ಸಹಿತ ಸಾಕ್ಷ್ಯ ಸಿಗುತ್ತದೆ. ಭಾರತದ ಶಿಲ್ಪಿಗಳೆಲ್ಲ ಅನಾಮಿಕರು ಎಂಬ, ಎಷ್ಟೋ ಪುಸ್ತಕಗಳಲ್ಲಿ ಕಾಣುವ ಮಾತನ್ನು ಪರೀಕ್ಷೆಯಲ್ಲಿ ಬರೆಯುವ ಮೊದಲು ಶಿಲ್ಪಿಗಳು ಹೆಸರು ಕೆತ್ತಿರುವ ಬೇಲೂರು, ಸೋಮನಾಥಪುರಗಳನ್ನು ನೆನೆಯಬೇಕು.

4. ಪ್ರತಿ ಘಟಕಕ್ಕೂ ಕರ್ನಾಟಕದ ಒಂದು ಕೃತಿಯನ್ನು ಜೋಡಿ ಮಾಡಿಕೊಳ್ಳುವುದು. ಮಧ್ಯ ಏಷ್ಯಾದ ಇಸ್ಲಾಮಿ ವಾಸ್ತುವಿಗೆ ಬೀದರಿನ ಮಹಮೂದ್ ಗವಾನನ ಮದರಸಾ ಇದೆ. ಇರಾನಿನ ಗಿಲಾನ್ ಪ್ರಾಂತದಿಂದ ಬಂದ ಆ ಮಂತ್ರಿ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದ ಮುಂಭಾಗದಲ್ಲಿ ನೀಲಿ, ಹಳದಿ, ಬಿಳಿ ಹೆಂಚುಗಳ ಅಲಂಕಾರ ಇಂದಿಗೂ ಅಲ್ಲಲ್ಲಿ ಉಳಿದಿದೆ. ಅದರ ಪಕ್ಕದಲ್ಲಿ ಸಮರ್‌ಖಂಡದಲ್ಲಿ 1420ಕ್ಕೆ ಮುಗಿದ ಉಲುಗ್ ಬೇಗನ ಮದರಸಾ ಚಿತ್ರವನ್ನಿಟ್ಟರೆ ನಡುವಿನ ಅಂಗಳ, ಮಿನಾರು, ಹೆಂಚಿನ ಕೆಲಸ ಎಲ್ಲದರಲ್ಲೂ ನಂಟು ಕಾಣುತ್ತದೆ. ಆಫ್ರಿಕಾದ ಘಟಕ ಬಂದಾಗ ಬಿಜಾಪುರದ ಆಸ್ಥಾನದಲ್ಲಿ ಮೇಲೇರಿದ, ಆಫ್ರಿಕಾ ಮೂಲದ ಹಬ್ಶಿ ಮಂತ್ರಿ ಇಖ್ಲಾಸ್ ಖಾನನ ಭಾವಚಿತ್ರಗಳಿವೆ. ರಷ್ಯಾದ ಕಲೆಗೆ ಚಿತ್ರಕಲಾ ಪರಿಷತ್ತಿನ ರೋರಿಕ್ ಸಂಗ್ರಹವಿದೆ: ತಂದೆ ನಿಕೊಲಾಯ್ ಮತ್ತು ಬೆಂಗಳೂರಿನಲ್ಲೇ ನೆಲೆಸಿ 1993ರಲ್ಲಿ ತೀರಿಕೊಂಡ ಮಗ ಸ್ವೆತಸ್ಲಾವ್, ಇಬ್ಬರ ಚಿತ್ರಗಳೂ ಅಲ್ಲಿವೆ.

ಪಟ್ಟದಕಲ್ಲು ಇನ್ನೊಂದು ಬಗೆಯ ಪಾಠ. ಅಲ್ಲಿ ಉತ್ತರದ ನಾಗರ ಮತ್ತು ದಕ್ಷಿಣದ ದ್ರಾವಿಡ ಶಿಖರಗಳು ಒಂದೇ ಆವರಣದಲ್ಲಿ ನಿಂತಿವೆ. ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಸೂತ್ರಧಾರಿ ಗುಂಡನ ಹೆಸರಿದೆ. ಶೈಲಿಗಳಿಗೆ ಭೂಪಟದ ಗಡಿ ಎಳೆಯಲು ಹೊರಟವರು ಇಲ್ಲಿ ಒಮ್ಮೆ ನಿಂತು ಯೋಚಿಸಬೇಕಾಗುತ್ತದೆ.

5. ವಸ್ತುವಿನ ಗುಣ ತಿಳಿಯುವುದು. ಹೊಯ್ಸಳರ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಗ್ಗುತ್ತದೆ, ಅದಕ್ಕೇ ಅವರು ಸರದ ಮಣಿಮಣಿಯನ್ನೂ ಬಿಡಿಸಬಲ್ಲವರಾದರು. ವಿಜಯನಗರದವರ ಗ್ರಾನೈಟಿನಲ್ಲಿ ಅಂಥ ಸೂಕ್ಷ್ಮ ಕೆಲಸ ಕಷ್ಟ. ಈಜಿಪ್ಟಿನ ಗ್ರಾನೈಟ್ ಮೂರ್ತಿಗಳ ತೋಳು ಮೈಗಂಟಿಕೊಂಡಿರುವುದಕ್ಕೂ ಕಲ್ಲಿನ ಗಡಸು ಒಂದು ಕಾರಣ. ಶೈಲಿಯ ಬಗ್ಗೆ ತೀರ್ಪು ಕೊಡುವ ಮೊದಲು ಕಲ್ಲು, ಲೋಹ, ಬಣ್ಣದ ಬಗ್ಗೆ ಒಂದು ಸಾಲಾದರೂ ಬರೆದಿರಬೇಕು.

6. ಕೃತಿ ಈಗ ಇರುವ ಜಾಗಕ್ಕೆ ಹೇಗೆ ಬಂತೆಂದು ಕೇಳುವುದು. ಟಿಪ್ಪುವಿನ ಯಂತ್ರಹುಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಕೈ ಸೇರಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರಸಹಿತ ಹಸ್ತಪ್ರತಿ ಡಬ್ಲಿನ್ನಿನಲ್ಲಿದೆ. ನೈಜೀರಿಯಾದ ಬೆನಿನ್ ಲೋಹಶಿಲ್ಪಗಳು 1897ರ ಬ್ರಿಟಿಷ್ ದಂಡಯಾತ್ರೆಯಲ್ಲಿ ಲೂಟಿಯಾದವು. ಇಂಥ ಇತಿಹಾಸ ಈಗ ಪಠ್ಯದ ಕೇಂದ್ರದಲ್ಲೇ ಇದೆ, ಅದು ಇರಬೇಕಾದ ಜಾಗವೂ ಅದೇ.

ಮಾರತ್ತಹಳ್ಳಿಯಂಥ ಕಡೆ ಇರುವವರಿಗೆ

ಬೆಂಗಳೂರಿನ ಮಾರತ್ತಹಳ್ಳಿ, ವೈಟ್‌ಫೀಲ್ಡ್ ಸುತ್ತ ನೆಲೆಸಿ ಓದುವವರ, ಅದರಲ್ಲೂ ಕೆಲಸದ ಜೊತೆ ಓದುವವರ ಮುಖ್ಯ ತೊಂದರೆ ಸಮಯ. ರಿಂಗ್ ರೋಡಿನ ದಟ್ಟಣೆಯಲ್ಲಿ ವಾರದ ದಿನ ನಗರದೊಳಗೆ ಹೋಗಿಬರುವ ಯೋಚನೆ ಫಲಿಸುವುದಿಲ್ಲ. ವಾರಾಂತ್ಯದ ಒಂದು ಬೆಳಗನ್ನು ಇದಕ್ಕೇ ಮೀಸಲಿಟ್ಟರೆ ಸಾಕು. ಮಾರತ್ತಹಳ್ಳಿಯಿಂದ ಮೆಜೆಸ್ಟಿಕ್ ಕಡೆಗೆ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಹೋಗುವ 335ಇ ಬಸ್ಸಿನ ದಾರಿಯಲ್ಲೇ ದೊಮ್ಮಲೂರು ಸಿಗುತ್ತದೆ. ಅಲ್ಲಿನ ಚೊಕ್ಕನಾಥಸ್ವಾಮಿ ಗುಡಿಯ ಗೋಡೆಗಳಲ್ಲಿ ತಮಿಳು ಶಾಸನಗಳಿವೆ. ದ್ರಾವಿಡ ಗುಡಿಯ ಅಧಿಷ್ಠಾನ, ಭಿತ್ತಿ, ಕಂಬಗಳ ಭಾಗಗಳನ್ನು ಹೆಸರಿಟ್ಟು ಗುರುತಿಸಲು ಇಂಥ ಚಿಕ್ಕ ಗುಡಿಯೇ ಅನುಕೂಲ. ಕುಂದಲಹಳ್ಳಿಗೆ ಹೋಗಿ ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಕಲಾಶಾಲೆ, 2023ರಲ್ಲಿ ತೆರೆದ ಮ್ಯಾಪ್ ಅಲ್ಲಿಂದ ದೂರವಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾಶಾಲೆಯ ಬೆಂಗಳೂರು ಶಾಖೆ ನಡೆಯುತ್ತಿದೆ. ಸೋಮವಾರ ಸಾಮಾನ್ಯವಾಗಿ ರಜೆ. ದುರಸ್ತಿಗಾಗಿ ಕೆಲವು ಕೊಠಡಿ ಮುಚ್ಚಿರುವುದೂ ಉಂಟು, ಹೊರಡುವ ಮೊದಲು ವಿಚಾರಿಸುವುದು ಒಳ್ಳೆಯದು.

ಒಂದು ಭೇಟಿಗೆ ಎರಡೇ ಕೃತಿ ಸಾಕು. ಇಡೀ ಸಂಗ್ರಹಾಲಯವನ್ನು ಸುತ್ತಿ ಬಂದರೆ ಕಾಲು ನೋಯುತ್ತದೆ, ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಕ್ಯಾಮೆರಾಗಿಂತ ಪೆನ್ಸಿಲ್ ಹೆಚ್ಚು ಕಲಿಸುತ್ತದೆ. ಚಿತ್ರ ಬರೆಯಲು ಬಾರದವರೂ ಕೃತಿಯ ರೇಖಾಚಿತ್ರ ಹಾಕಬೇಕು, ಕೈ ಎಲ್ಲಿ ತಡವರಿಸಿತೋ ಅಲ್ಲಿ ಕಣ್ಣು ಸರಿಯಾಗಿ ನೋಡಿರಲಿಲ್ಲವೆಂದು ತಿಳಿಯುತ್ತದೆ.

ಮನೆಯಲ್ಲಿ ಕೂತು ನೋಡಲು ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಿಂದ ಮುಕ್ತವಾಗಿ ಒದಗಿಸಿರುವ ಚಿತ್ರಗಳು, ಸ್ಮಾರ್ಟ್‌ಹಿಸ್ಟರಿ ಜಾಲತಾಣದ ಪಾಠಗಳು ಉಪಯುಕ್ತ. ಪುಸ್ತಕಗಳಲ್ಲಿ ಗೊಂಬ್ರಿಖ್ 1950ರಲ್ಲಿ ಬರೆದ ಕಲೆಯ ಕಥೆ ಓದಲು ಸೊಗಸು, ಆದರೆ ಅದರ ಬಹುಭಾಗ ಯುರೋಪು. ಭಾರತಕ್ಕೆ ಪಾರ್ಥ ಮಿತ್ತರ್, ವಿದ್ಯಾ ದೆಹೇಜಿಯಾ, ಕರ್ನಾಟಕದ ದೇಗುಲಗಳಿಗೆ ಆಡಂ ಹಾರ್ಡಿ, ಹೊಯ್ಸಳರಿಗೆ ಗೆರಾರ್ಡ್ ಫುಕೆಮ ಇವರ ಪುಸ್ತಕಗಳನ್ನು ಜೊತೆಗಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಓದುವವರಿಗೆ ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳು ನಾಡಿನ ಕಲಾವಿದರನ್ನು ಪರಿಚಯಿಸುತ್ತವೆ.

ಎಚ್ಚರಿಕೆಗಳು

ಪ್ರತಿ ಚಿತ್ರದ ಕೆಳಗೂ ಅಳತೆ ಬರೆದುಕೊಳ್ಳಬೇಕು. ಬೆರಳಷ್ಟು ಹರಪ್ಪ ಮುದ್ರೆಯೂ ಗೋಡೆಯಷ್ಟು ಚಿತ್ರವೂ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ಬಣ್ಣವನ್ನೂ ನಂಬುವಂತಿಲ್ಲ, ಒಂದೇ ಚಿತ್ರ ಎರಡು ಜಾಲತಾಣಗಳಲ್ಲಿ ಎರಡು ಬಗೆಯಾಗಿರುತ್ತದೆ. ಬಿಳಿ ಅಮೃತಶಿಲೆಯ ಗ್ರೀಕ್ ಮೂರ್ತಿಗಳಿಗೆ ಮೊದಲು ಬಣ್ಣ ಹಚ್ಚಿರುತ್ತಿದ್ದರು. ಅವುಗಳಲ್ಲಿ ಎಷ್ಟೋ, ಕಳೆದುಹೋದ ಕಂಚಿನ ಮೂಲಗಳ ರೋಮನ್ ನಕಲುಗಳು. ಮೂಲವೋ ನಕಲೋ ಎಂಬುದನ್ನು ಟಿಪ್ಪಣಿಯಲ್ಲಿ ತಪ್ಪದೆ ಗುರುತಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಬರುವ ಶಿಲ್ಪದ ಚಿತ್ರಗಳ ಊರು, ಕಾಲಗಳನ್ನು ಸಂಗ್ರಹಾಲಯದ ಅಥವಾ ಪುರಾತತ್ತ್ವ ಇಲಾಖೆಯ ಮಾಹಿತಿಯೊಂದಿಗೆ ತಾಳೆ ನೋಡದೆ ಬಳಸಬಾರದು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಚಿತ್ರ ತೆಗೆಯುವ ಮುನ್ನ ಅರ್ಚಕರನ್ನು ಕೇಳಬೇಕು, ಶಿಲ್ಪವನ್ನು ಮುಟ್ಟಬಾರದು, ಅಕ್ಷರ ಎದ್ದು ಕಾಣಲೆಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅತಿ ದೊಡ್ಡ ತಪ್ಪು ಜಗತ್ತಿನ ಕಲೆಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸುವುದು. ಕಣ್ಣಿಗೆ ಕಂಡಂತೆಯೇ ಬರೆಯುವುದು ಗುರಿ ಎಂದು ಮೊದಲೇ ತೀರ್ಮಾನಿಸಿದರೆ, ಆ ಗುರಿಯೇ ಇಲ್ಲದಿದ್ದ ಪರಂಪರೆಗಳೆಲ್ಲ ಹಿಂದುಳಿದಂತೆ ಕಾಣುತ್ತವೆ. ಭಾರತದ ದೇವತಾಮೂರ್ತಿಗಳು ಯುರೋಪಿಯನ್ನರಿಗೆ ಶತಮಾನಗಳ ಕಾಲ ವಿಕಾರವಾಗಿ ಕಂಡ ಬಗೆಯನ್ನು ಪಾರ್ಥ ಮಿತ್ತರ್ 1977ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಅದೇ ತಪ್ಪನ್ನು ತಿರುಗಿಸಿ, ನಮ್ಮದೇ ಎಲ್ಲಕ್ಕಿಂತ ಮೊದಲು, ನಮ್ಮದೇ ಶ್ರೇಷ್ಠ ಎಂದು ಬರೆಯುವುದೂ ಓದನ್ನು ಕೆಡಿಸುತ್ತದೆ.

ಎರಡು ಕೃತಿ ಹೋಲುತ್ತವೆ ಎಂದ ಮಾತ್ರಕ್ಕೆ ಒಂದರ ಪ್ರಭಾವ ಇನ್ನೊಂದರ ಮೇಲಿದೆ ಎನ್ನುವುದು ಮತ್ತೊಂದು ತಪ್ಪು. ಬೀದರ್ ಮತ್ತು ಸಮರ್‌ಖಂಡದ ನಡುವೆ ಜನ, ವ್ಯಾಪಾರ, ಭಾಷೆಗಳ ನೇರ ಸಂಪರ್ಕವಿತ್ತು, ಅಲ್ಲಿ ಪ್ರಭಾವದ ಮಾತಾಡಬಹುದು. ಗೊಮ್ಮಟನಿಗೂ ಕೂರೊಸ್‌ಗೂ ಅಂಥ ದಾರಿಯ ಪುರಾವೆ ಇಲ್ಲ, ಅಲ್ಲಿ ಹೋಲಿಕೆ ನೋಟವನ್ನು ಹರಿತಗೊಳಿಸುವ ಸಾಧನ ಮಾತ್ರ. ‘ಅದ್ಭುತ’, ‘ಅಮೋಘ’ ಎಂಬ ಪದಗಳು ಉತ್ತರಪತ್ರಿಕೆಯಲ್ಲಿ ಅಂಕ ತರುವುದಿಲ್ಲ, ಆ ಜಾಗದಲ್ಲಿ ಕಣ್ಣಿಗೆ ಬಿದ್ದ ಒಂದು ವಿವರ ತರುತ್ತದೆ.

ಪರೀಕ್ಷೆ ಮತ್ತು ಪ್ರಬಂಧ

ಹೋಲಿಕೆಯ ಪ್ರಶ್ನೆಗೆ ಮೊದಲ ಕೃತಿಯ ಬಗ್ಗೆ ಒಂದು ಪುಟ, ಎರಡನೆಯದರ ಬಗ್ಗೆ ಇನ್ನೊಂದು ಪುಟ ಬರೆದರೆ ಅದು ಹೋಲಿಕೆ ಆಗುವುದಿಲ್ಲ. ನಿಲುವು, ವಸ್ತು, ಗಾತ್ರ, ಬಳಕೆ, ಮಾಡಿಸಿದವರು ಎಂದು ಅಂಶಗಳನ್ನು ಮಾಡಿಕೊಂಡು ಪ್ರತಿ ಅಂಶದಲ್ಲೂ ಎರಡನ್ನೂ ಒಟ್ಟಿಗೆ ತರಬೇಕು. ಅಪರಿಚಿತ ಚಿತ್ರ ಕೊಟ್ಟರೆ ಹೆಸರು ಊಹಿಸಲು ಹೊರಡದೆ ವರ್ಣನೆಯಿಂದ ಶುರು ಮಾಡಿ, ಯಾವ ಲಕ್ಷಣದಿಂದ ಯಾವ ನಾಡು ಮತ್ತು ಕಾಲಕ್ಕೆ ಸೇರಿರಬಹುದೆಂದು ಕಾರಣ ಕೊಡಬೇಕು. ಕಾರಣ ಸರಿಯಿದ್ದು ಊಹೆ ತಪ್ಪಿದರೂ ಉತ್ತರಕ್ಕೆ ಬೆಲೆ ಇರುತ್ತದೆ.

ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಆರಿಸುವಾಗ ಪದೇ ಪದೇ ಹೋಗಿ ನೋಡಬಹುದಾದ ಕೃತಿಯನ್ನೇ ಆರಿಸುವುದು ಕ್ಷೇಮ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರವಿದೆ. ಅದರಲ್ಲಿ ಹೈದರ್, ಟಿಪ್ಪು, ಫ್ರೆಂಚರು, ಸೋತ ಬ್ರಿಟಿಷರು ಎಲ್ಲರೂ ಇದ್ದಾರೆ. ಯುರೋಪಿನ ಯುದ್ಧಚಿತ್ರಗಳ ಜೊತೆ, ಮೊಗಲ್ ಹಸ್ತಪ್ರತಿಗಳ ಜೊತೆ, ಮೈಸೂರು ಚಿತ್ರಶೈಲಿಯ ಜೊತೆ ಅದನ್ನು ಬೇರೆ ಬೇರೆಯಾಗಿ ಓದಬಹುದು. ಆ ಗೋಡೆಯನ್ನು ನಂತರದ ಕಾಲದಲ್ಲಿ ಮತ್ತೆ ಬರೆಸಿದ ಇತಿಹಾಸವೂ ಇದೆ, ಆದ್ದರಿಂದ ಯಾವ ಗೆರೆ ಯಾವ ಕಾಲದ್ದೆಂಬ ಪ್ರಶ್ನೆಯನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಎತ್ತಿಕೊಳ್ಳಬೇಕಾಗುತ್ತದೆ.